ಗಂಡಸರು ಕೇಳದ ಹಾಡು

"ಯಾರೇ ಇದು ಹಾಡ್ತಿರೋದು? ಕಂಠ ಅಂದ್ರೆ ಇದು."

ಮುಕ್ಬಿಲ್ ಮಾವ ಹೆಂಡತಿ ತಖಿಯಾ ಅತ್ತೆಯ ಕಡೆ ಬಾಗಿ ಕೇಳಿದರು. ಲಿವರ್‌ಪೂಲಿನ ಅರಬ್ ಕಲಾಹಬ್ಬ ಅಂದೇ ಶುರುವಾಗಿತ್ತು. ನಸುಗತ್ತಲ ಕೋಣೆಯಲ್ಲಿ ಒಬ್ಬ ಹೆಂಗಸಿನ ದನಿ ನಾಲ್ಕೂ ಗೋಡೆಗಳಿಂದ ಕೇಳಿಬರುತ್ತಿತ್ತು. ಆ ಕೋಣೆಯೇ ಅತ್ತೆಯ ಅಣ್ಣನ ಮಗಳು ಅರ್ವಾಳ ಕಲಾಕೃತಿ.

"ನಂಗೇನು ಗೊತ್ತು? ಯಾವಳೋ ಏನೋ," ಅಂದರು ಅತ್ತೆ.

ದನಿ ಅವರದೇ. ಗೋರಂಟಿ ಶಾಸ್ತ್ರದ ದಿನ ಗಂಡಸರನ್ನೆಲ್ಲ ಹೊರಗಟ್ಟಿ, ಬಾಗಿಲು ಹಾಕಿ, ಹೆಂಗಸರಷ್ಟೇ ಕೂತಾಗ ಅತ್ತೆ ಹಾಡುವುದು; ಮಾವನೂ ಅದನ್ನು ಎಂದೂ ಕೇಳಿದವರಲ್ಲ. ಅಲ್ಲಿ ಯಾರೂ ಫೋನು ಹೊರತೆಗೆಯುವಂತಿಲ್ಲ. ಅರ್ವಾ ತೆಗೆದಿರಲಿಲ್ಲ, ಮಡಿಲ ಚೀಲದೊಳಗೇ ಅದನ್ನು ರೆಕಾರ್ಡಿಂಗಿಗೆ ಹಚ್ಚಿ ಕೂತಿದ್ದಳು. ಮುಖ ತೋರಿಸುವುದಿಲ್ಲ, ಹೆಸರು ಹಾಕುವುದಿಲ್ಲ, ಇದರಲ್ಲೇನು ತಪ್ಪು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಕೇಳಿದರೆ ಅತ್ತೆ ಒಪ್ಪುವುದಿಲ್ಲ ಎಂದು ಗೊತ್ತಿದ್ದೇ ಕೇಳಿರಲಿಲ್ಲ. ಅವರು ಇಂಥಲ್ಲಿಗೆಲ್ಲ ಬರುವವರೂ ಅಲ್ಲ. ಆದರೆ ಇವತ್ತು ಮಾವ ಹೆಮ್ಮೆಯಿಂದ ಅಂಗಡಿಗೆ ಬೀಗ ಜಡಿದು ಹೆಂಡತಿಯನ್ನು ಕರೆದುಕೊಂಡೇ ಬಂದಿದ್ದರು.

ಮೂಲೆಯಲ್ಲಿ ಯಾರೋ ಗಂಡಸು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅರ್ವಾ ನಾಚಿಕೆಯಿಂದ ನಿಂತಲ್ಲೇ ಕುಗ್ಗಿಹೋದಳು.

"ನಮ್ಮ ಯೆಮನ್ ಕಡೆಯವಳೇ ಇರ್ಬೇಕು," ಅಂದರು ಮಾವ. "ನೀನೂ ಹಾಡು ಕಲೀಬಹುದಿತ್ತು ನೋಡು."

"ನಾನು ಬಾಯಿ ಬಿಟ್ರೆ ಅಂಗಡಿಗೆ ಬರೋ ಗಿರಾಕಿಗಳೂ ಓಡಿಹೋಗ್ತಾರೆ," ಅಂದರು ಅತ್ತೆ. ಅರ್ವಾಳ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆಯೇ ಅವಳು ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿ ಕೋಣೆ ಮುಚ್ಚಿಸಿದಳು. ಕ್ಷಮೆ ಕೇಳಲು ಮನೆಗೆ ಹೋದರೆ ಅತ್ತೆ "ಊಟ ಮಾಡ್ಕೊಂಡು ಹೋಗು" ಎಂದರೇ ಹೊರತು ಆ ಮಾತು ಎತ್ತಲು ಬಿಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ತಿಂಗಳು ಪಕ್ಕದ ಬೀದಿಯ ಹುಡುಗಿಯ ಗೋರಂಟಿ. ಬಾಗಿಲು ಹಾಕಿದ ಕೂಡಲೇ ಹೆಂಗಸರು ಅತ್ತೆಯನ್ನು ಸುತ್ತುವರಿದರು.

"ತಖಿಯಕ್ಕಾ, ಶುರು ಮಾಡಿ."

"ಇವತ್ತು ಗಂಟಲು ಸರಿಯಿಲ್ಲ ಕಣ್ರೇ."

"ಅದೆಲ್ಲ ನಡೆಯಲ್ಲ. ನೀವು ಹಾಡ್ದೇ ಇದ್ರೆ ಮದುಮಗಳು ಕೈನೇ ಚಾಚಲ್ವಂತೆ."

ಅತ್ತೆ ನಕ್ಕು, ಆಗುವುದಿಲ್ಲ ಎಂದು ತಲೆಯಲ್ಲಾಡಿಸಿದರು. ಅವರ ಕಣ್ಣು ಒಮ್ಮೆ ಅರ್ವಾಳ ಮೇಲೆ ಬಿದ್ದು ಸರಿಯಿತು. ಅರ್ವಾ ಎದ್ದಳು, ಏನೋ ಕೆಲಸವಿದೆ ಎಂದಳು. ಅತ್ತೆ ಇರು ಎನ್ನಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಬೂಟು ಹಾಕಿಕೊಳ್ಳುತ್ತಿದ್ದಳು. ಒಳಗೆ ಯಾರೋ ತಮಟೆ ತಟ್ಟಿದರು. ಅದರ ಹಿಂದೆಯೇ ಅತ್ತೆಯ ದನಿ ಎದ್ದಿತು. ಅರ್ವಾ ದಾರ ಕಟ್ಟದೆಯೇ ಬೀದಿಗಿಳಿದು, ಆ ದನಿ ಕೇಳಿಸದಷ್ಟು ದೂರ ಬಿರಬಿರನೆ ನಡೆದಳು.