ದಿನಾ ಬರುವ ಬಸ್ಸಾರು

ಬೆರಳು ಹೋದದ್ದಕ್ಕಿಂತ ಮಹಾನಂದಾಳಿಗೆ ಆ ಬಸ್ಸಾರಿನ ಮೇಲೆಯೇ ಹೆಚ್ಚು ಸಿಟ್ಟು.

ಪೀಣ್ಯದ ಆ ಕಾರ್ಖಾನೆಯಲ್ಲಿ ತಗಡು ಒತ್ತುವ ಒಂದೊಂದು ಪ್ರೆಸ್ಸಿಗೆ ಇಬ್ಬರು ಹೆಂಗಸರು. ಇಬ್ಬರೂ ತಂತಮ್ಮ ಗುಂಡಿ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಆದರೆ ಟಾರ್ಗೆಟ್ ಎಂಬ ಭೂತ ಹೆಗಲೇರಿತೆಂದರೆ ಒಂದು ಗುಂಡಿಯ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸುವುದು ಅಲ್ಲಿಯ ರೂಢಿ. ಆಮೇಲೆ ಒಬ್ಬರೇ ಒತ್ತಿದರೂ ಸಾಕು, ಕೆಲಸ ಬೇಗ ಸಾಗುತ್ತದೆ. ಮಹಾನಂದಾ ನೀರು ಕುಡಿಯಲು ಹೋದಾಗ ಅವಳ ಗುಂಡಿಗೆ ಜೊತೆಗಾತಿ ಯಮುನಾ ಕಡ್ಡಿ ಸಿಕ್ಕಿಸಿದಳು. ಹೇಳಲಿಲ್ಲ. ವಾಪಸು ಬಂದವಳು ತಗಡು ಸರಿಪಡಿಸಲು ಕೈ ಒಳಗಿಟ್ಟಳು, ಯಮುನಾ ನೋಡದೆ ತನ್ನ ಗುಂಡಿ ಒತ್ತಿದಳು.

ಕಡ್ಡಿ ಇಟ್ಟವಳು ಮಹಾನಂದಾಳೇ ಎನ್ನುತ್ತಿದೆ ಕಂಪನಿ. ಮಧ್ಯಾಹ್ನದ ವಿಚಾರಣೆಯಲ್ಲಿ ಅದೇ ಖಾಯಂ ಆದರೆ ಕೆಲಸವೂ ಹೋಯಿತು, ಮಾನವೂ ಹೋಯಿತು. ಯಮುನಾ ತುಟಿ ಬಿಚ್ಚುವುದಿಲ್ಲ. ದಿನಾ ಮುದ್ದೆ, ಬಸ್ಸಾರಿನ ಡಬ್ಬಿ ತಂದು ಮಹಾನಂದಾಳ ಬಾಡಿಗೆ ಕೋಣೆಯ ಬಾಗಿಲಲ್ಲಿಟ್ಟು ಹೋಗುತ್ತಾಳೆ. ವಿಜಯಪುರದ ಮಹಾನಂದಾ ಒಂದೇ ಕೈಯಲ್ಲಿ ರೊಟ್ಟಿ ಬಡಿಯಲಾಗದೆ ಅದನ್ನೇ ಉಂಡಳು, ಉಂಡದ್ದಕ್ಕೆ ತನ್ನ ಮೇಲೂ ಸಿಟ್ಟಾದಳು.

ಆ ದಿನ ವಿಚಾರಣೆಗೆ ಸ್ವಲ್ಪ ಮುಂಚೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ, ಕಂಪನಿ ಕರೆಸಿದ್ದ ತರಬೇತುದಾರ ಹರ್ಷವರ್ಧನ್ ಮೆದುಳಿನ ಪಾಠ ಮಾಡಿದ. ತಪ್ಪಿನ ಅರಿವಾದಾಗ ಮೆದುಳಿನ ಮಡಿಕೆಯೊಳಗೆ ಒಂದು ಭಾಗ ಚುರುಕಾಗುತ್ತದಂತೆ. ಹೊಟ್ಟೆ ತೊಳಸಿದಾಗ ಚುರುಕಾಗುವುದೂ ಅದೇ ಅಂತೆ. ಆ ಸಂಕಟ ತಾಳದೆ ಮನುಷ್ಯ ನೊಂದವರಿಗೆ ಏನಾದರೂ ಕೊಡುತ್ತಾನೆ, ನಂಬಿಕೆ ಮತ್ತೆ ಕುದುರುತ್ತದೆ, ಹೀಗೇ ಜನ ಕೂಡಿ ದುಡಿಯುವುದಂತೆ. ಸೂಪರ್‌ವೈಸರ್ ಶ್ರೀಧರ್, ನಮ್ಮ ಯಮುನಾ ಗಾಯಗೊಂಡವಳಿಗೆ ದಿನಾ ಊಟ ಒಯ್ಯುತ್ತಾಳೆ ಎಂದ. ಹರ್ಷವರ್ಧನ್ ಚಪ್ಪಾಳೆ ಹೊಡೆಸಿದ. ಬ್ಯಾಂಡೇಜಿನ ಕೈಯವಳು ಎದುರಿಗೇ ಕೂತಿದ್ದಾಳೆಂಬ ಖಬರು ಒಬ್ಬರಿಗೂ ಇರಲಿಲ್ಲ.

ಮಹಾನಂದಾಳ ಮೈಯೆಲ್ಲ ಉರಿಯಿತು. ಎದ್ದು ನಿಂತಳು.

“ಊಟ ಕೊಟ್ಟ ಮ್ಯಾಲೆ ಆ ಸಂಕಟ ಕಡಿಮಿ ಆಗತೈತೇನ್ರಿ ಸಾರ್?”

ಆಗುತ್ತದೆ ಎಂದ ಅವನು, ಒಳ್ಳೆಯ ಪ್ರಶ್ನೆ ಎಂಬಂತೆ ನಕ್ಕು.

“ಹಂಗಾರ ಅಕಿ ತನ್ನ ಸಂಕಟ ಕಳ್ಕೊಳ್ಳಾಕತ್ತಾಳ, ನಂದಲ್ಲ.” ಯಮುನಾಳತ್ತ ತಿರುಗಿದಳು. “ನಾಳಿಂದ ಡಬ್ಬಿ ತರಬ್ಯಾಡ. ನೀ ಖರೇ ಹೇಳೂತನಕ ಆ ಸಂಕಟ ನಿನ್ನೊಳಗ ಇರಲಿ.”

ಕೂತ್ಕೋ ಎಂದು ಶ್ರೀಧರ್ ಗದರಿದ. ಅವಳು ಕೂರಲಿಲ್ಲ. ಯಮುನಾ ಎದ್ದು ನಿಂತಳು.

“ಕಡ್ಡಿ ನಾನೇ ಇಟ್ಟಿದ್ದು,” ಎಂದಳು. “ಶ್ರೀಧರ್ ಸಾರ್ ಇಡು ಅಂದ್ರು, ಇಟ್ಟೆ. ಅವ್ಳಿಗೆ ಹೇಳ್ಲಿಲ್ಲ.”

ಅಳುತ್ತ ಬಂದು ಮಹಾನಂದಾಳ ಕೈ ಹಿಡಿಯಲು ನೋಡಿದಳು. ಇವಳು ಕೈ ಹಿಂದಕ್ಕೆಳೆದುಕೊಂಡಳು.

“ಇಲ್ಲಿ ಅಂದಿದ್ದು ಸಾಲೂದಿಲ್ಲ. ವಿಚಾರಣಿಯೊಳಗ ಅನ್ನು, ನಡಿ.”

ಯಮುನಾಳನ್ನು ಮುಂದೆ ಬಿಟ್ಟುಕೊಂಡು ತಾನು ಹಿಂದಿನಿಂದ ವಿಚಾರಣೆಯ ಕೋಣೆಯತ್ತ ನಡೆದಳು. ಕ್ಷಮಿಸುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.