ಗಾಜಿನ ಪೆಟ್ಟಿಗೆಯ ಎರಡು ಬದಿ

ಬರ್ನಿಸ್ ಮತ್ತು ಲೋರ್ನ್ ಒಟ್ಟಾವಾ ನದಿ ದಂಡೆಯ ಪ್ರಯೋಗಾಲಯದಲ್ಲಿ ವಿಕಿರಣ ರಸಾಯನಜ್ಞರು. ವರ್ಷಗಟ್ಟಲೆ ಎದುರುಬದುರು ನಿಂತವರು. ನಡುವೆ ಗಾಜಿನ ಪೆಟ್ಟಿಗೆ, ಅದರ ಎರಡೂ ಬದಿಗೆ ತೋಳುದ್ದದ ರಬ್ಬರ್ ಗವಸು. ಕ್ಯಾನ್ಸರ್ ಔಷಧಿಗೆ ಬೇಕಾದ ಆಕ್ಟಿನಿಯಂ ಎಂಬ ವಿಕಿರಣ ಧಾತುವಿನ ಸೀಸೆಯನ್ನು ಲೋರ್ನ್ ಗವಸಿನೊಳಗಿನ ಕೈಯಿಂದ ದಾಟಿಸುವಾಗ ಅವಳ ಬೆರಳಿಗೆ ಅವನ ಬೆರಳು ಒತ್ತುತ್ತಿತ್ತು. ಅಷ್ಟಕ್ಕಾಗಿ ಬರ್ನಿಸ್ ದಿನವಿಡೀ ಕಾಯುತ್ತಿದ್ದಳು. ಐವತ್ತು ದಾಟಿದವಳಿಗೆ ಇದೆಂಥ ಹುಚ್ಚು ಅನ್ನಬಹುದು. ಹುಚ್ಚು ವಯಸ್ಸು ಕೇಳಿಕೊಂಡು ಬರುತ್ತದೆಯೇ?

ಇವತ್ತು ಲೋರ್ನ್‌ಗೆ ನಿವೃತ್ತಿ. ಸಂಜೆಯೇ ದೂರದ ಕೇಪ್ ಬ್ರೆಟನ್ ದ್ವೀಪದಲ್ಲಿರುವ ತಂಗಿಯ ಮನೆಗೆ ಹೊರಡುವವನಿದ್ದ. ‘ಹೋಗಬೇಡ’ ಎನ್ನಲು ಬೆಳಗಿನಿಂದ ಅವಳು ಸಮಯ ಹುಡುಕುತ್ತಿದ್ದಳು.

“ಸೀಸೆ ತಗೊಳ್ಳೇ ಮಾರಾಯ್ತಿ, ನನ್ನ ಬೆರಳಲ್ಲ,” ಲೋರ್ನ್ ಆಚೆಯಿಂದ ನಕ್ಕ.

“ನಿನ್ನ ಬೆರಳು ಯಾರಿಗೆ ಬೇಕೋ! ಸೀಸೆ ಜಾರೀತು ಅಂತ ಹಿಡ್ಕೊಂಡೆ.”

ಹಸಿ ಸುಳ್ಳು. ಅವಳಿಗೆ ಬೇಕಾಗಿದ್ದು ಅದೊಂದೇ.

ಕೆಲಸ ಮುಗಿಯಿತು. ಇಬ್ಬರೂ ಗವಸಿನಿಂದ ಕೈ ಹೊರತೆಗೆದರು. ಕೈಗೆ ವಿಕಿರಣ ಅಂಟಿದೆಯೇ ಎಂದು ಅಳೆಯುವ ಯಂತ್ರದಲ್ಲಿ ಕೈಯಿಟ್ಟು ಹಸಿರು ದೀಪ ಬರುವವರೆಗೆ ಇಲ್ಲಿ ಯಾರೂ ಯಾರನ್ನೂ ಮುಟ್ಟುವಂತಿಲ್ಲ, ತಮ್ಮ ಮೂಗನ್ನೂ ತುರಿಸಿಕೊಳ್ಳುವಂತಿಲ್ಲ. ಆದರೆ ಲೋರ್ನ್ ಇದ್ದಕ್ಕಿದ್ದಂತೆ ಪೆಟ್ಟಿಗೆ ಬಳಸಿ ಬಂದು ಬರಿಗೈಯನ್ನು ಅವಳತ್ತ ಚಾಚಿದ.

“ಏಯ್, ಮುಟ್ಟಬೇಡ!”

ಬರ್ನಿಸ್ ಕಿರುಚಿ ಹಿಂದಕ್ಕೆ ಜಿಗಿದಿದ್ದಳು. ಅವನ ಮುಖ ಸಪ್ಪಗಾಯಿತು. “ಹೌದಲ್ಲ,” ಎಂದವನೇ ಯಂತ್ರದಲ್ಲಿ ಕೈಯಿಟ್ಟು, ಹಸಿರು ಬಂದದ್ದೇ ಹೊರಗೆ ಹೋಗಿಬಿಟ್ಟ.

ಅವಳಿಗೆ ಬಂದದ್ದು ಕೆಂಪು. ಗವಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿ ಬೆರಳಿಗೆ ವಿಕಿರಣದ ಕಲೆ ಅಂಟಿತ್ತು. ಸುರಕ್ಷತೆಯವರು ಬಂದು ಸೋಪು ಹಾಕಿ ತೊಳೆಸಿದರು, ಅಳೆದರು, ಮತ್ತೆ ತೊಳೆಸಿದರು. ಅತ್ತ ಅವನ ಬೀಳ್ಕೊಡುಗೆಯ ಕೇಕ್ ಕತ್ತರಿಸಿದ ಚಪ್ಪಾಳೆ ಕೇಳಿಸಿತು. ತಾನು ಹಿಂದೆ ಸರಿದದ್ದೇ ಸರಿಯಾಯಿತು ಎಂದು ಗೊತ್ತಿದ್ದರೂ ಅವಳು ಬಾಗಿಲಿನತ್ತಲೇ ನೋಡುತ್ತಿದ್ದಳು.

ಕೊನೆಗೂ ಹಸಿರು ಬಂದಾಗ ಕೋಟಿನ ಗುಂಡಿಯನ್ನೂ ಹಾಕದೆ ಹಿಮದಲ್ಲಿ ಓಡಿದಳು. ಲೋರ್ನ್ ಕಾರು ಚಾಲೂ ಮಾಡಿ ಕೂತಿದ್ದ. ಅವಳನ್ನು ಕಂಡು ಕಿಟಕಿ ಇಳಿಸಿದ.

“ಆಗ ಹಿಂದೆ ಜಿಗಿದದ್ದು ಅಭ್ಯಾಸಬಲ ಕಣೋ. ನನ್ನ ಕೈಲಿ ಕಲೆ ಬೇರೆ ಇತ್ತು.”

“ನಂಗೊತ್ತು. ನಾನಾಗಿದ್ರೂ ಹಾಗೇ ಜಿಗೀತಿದ್ದೆ.”

“ಮತ್ಯಾಕೆ ಕೈ ಚಾಚಿದೆ?”

ಅವನು ಸ್ಟೀರಿಂಗ್ ನೋಡುತ್ತ ಹೇಳಿದ, “ಒಂದೇ ಒಂದು ಸಲ ನೀನು ನಿಯಮ ಮರೀತೀಯೇನೋ ಅಂತ ಆಸೆ ಇತ್ತು.”

ಬರ್ನಿಸ್ ಕಾರಿನ ಕಿಟಕಿಯ ಅಂಚು ಹಿಡಿದಳು.

“ಹೋಗಬೇಡ ಲೋರ್ನ್,” ಎಂದಳು.

“ತಂಗಿ ಕಾಯ್ತಿರ್ತಾಳೆ,” ಎಂದ ಅವನು. ಆದರೂ ಹೊರಡಲಿಲ್ಲ.