ವಸಂತಲಕ್ಷ್ಮಿಯ ಸಿಟ್ಟು

"ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಒಂದು ದಿನವೂ ದನಿ ಎತ್ತಿದವಳಲ್ಲ," ಎಂದು ಶಾಮಣ್ಣ ಕಾಗದ ನೋಡಿಕೊಂಡು ಓದುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಅನುಷಾ ಎದ್ದು ನಿಂತಳು.

ಪಕ್ಕದಲ್ಲಿದ್ದ ಅಲಮೇಲು ಅವಳ ಕೈ ಹಿಡಿದೆಳೆದು ಕೂರಿಸಿದರು. "ಅವರು ಓದಿ ಮುಗಿಸ್ಲಿ ಕಣಮ್ಮ."

"ಸುಳ್ಳು ಓದ್ತಿದಾರೆ ಆಂಟಿ."

ಶೋರ್‌ಲೈನ್ ಊರಿನ ಫ್ಯೂನರಲ್ ಹೋಮಿನಲ್ಲಿ ಅಂತಿಮ ದರ್ಶನಕ್ಕೆ ಐವತ್ತು ಜನ ಸೇರಿದ್ದರು. ಎದುರಿಗೆ ತೆರೆದ ಶವಪೆಟ್ಟಿಗೆಯಲ್ಲಿ ವಸಂತಲಕ್ಷ್ಮಿ, ಶಾಮಣ್ಣನ ಹೆಂಡತಿ. ಹಸಿರು ರೇಷ್ಮೆ ಸೀರೆ, ಕೈತುಂಬ ಬಳೆ. ಐವತ್ತೆಂಟು ವಯಸ್ಸು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಸ್‌ಸ್ಟಾಪಿನಲ್ಲಿ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು.

ಶಾಮಣ್ಣ ಓದುತ್ತ ಹೋದರು. ಅವಳ ಹೋಳಿಗೆ. ಕನ್ನಡ ಸಂಘದ ಯುಗಾದಿಗೆ ಇನ್ನೂರು ಜನಕ್ಕೆ ಮಾಡಿದ ಪುಳಿಯೋಗರೆ. ಮಗಳು ಸಿರಿಗೆ ಹನ್ನೆರಡು ವರ್ಷ ಕಟ್ಟಿಕೊಟ್ಟ ಡಬ್ಬಿ. ಕೊನೆಗೆ ಒಂದು ಸಾಲು: "ಮನೆಯ ಜೊತೆಗೆ ಒಂದು ಪುಟ್ಟ ಕೆಲಸವನ್ನೂ ನಿಭಾಯಿಸಿದಳು."

ಅನುಷಾಳ ಕಿವಿ ಬಿಸಿಯಾಯಿತು. ಆ ಪುಟ್ಟ ಕೆಲಸದಲ್ಲಿ ಆರು ವರ್ಷದಿಂದ ಅವಳು ವಸಂತಲಕ್ಷ್ಮಿಯ ಜೊತೆಗಿದ್ದಳು.

* * *

ಬ್ಯಾಲಾರ್ಡ್ ಬಡಾವಣೆಯ ಕಾಲುವೆ ಪಕ್ಕದಲ್ಲಿ ತಗಡಿನ ಶೆಡ್. ಒಳಗೆ, ಹಡಗು ಎಳೆಯುವ ಟಗ್‌ಬೋಟಿನಿಂದ ಇಳಿಸಿದ ಡೀಸೆಲ್ ಎಂಜಿನ್. ಎಂಜಿನ್ ಕುಡಿಯುವ ಡೀಸೆಲ್‌ನಲ್ಲಿ ಅರ್ಧಕ್ಕರ್ಧ ಬರೀ ಶಾಖವಾಗಿ ಪೋಲಾಗುತ್ತದೆ. ಹೊಗೆಕೊಳವೆಯ ಆ ಶಾಖದಿಂದ ಕಾರ್ಬನ್ ಡೈಆಕ್ಸೈಡನ್ನು ಭಾರಿ ಒತ್ತಡದಲ್ಲಿ ಕಾಯಿಸಿ, ಅದರಿಂದ ಅಂಗೈಯಗಲದ ಟರ್ಬೈನ್ ತಿರುಗಿಸಿ ಕರೆಂಟ್ ತೆಗೆಯುವುದು ಅಲ್ಲಿನ ಕೆಲಸ. ಟರ್ಬೈನಿನ ಸುತ್ತ ಅನಿಲ ಸೋರದಂತೆ ಹಿಡಿದಿಡುವ ಸೀಲಿನ ವಿನ್ಯಾಸ ವಸಂತಲಕ್ಷ್ಮಿಯದು. ಹತ್ತೊಂಬತ್ತು ವರ್ಷ ಅವಳು ಅದನ್ನೇ ತಿದ್ದಿದಳು.

ಅನುಷಾ ಸೇರಿದ ಮೊದಲ ವಾರ. ಮಾರನೇ ದಿನ ಯಾರೋ ನೋಡಲು ಬರುತ್ತಾರೆಂದು ಮ್ಯಾನೇಜರ್ ಕರ್ಟ್ ಪೂರ್ತಿ ಒತ್ತಡಕ್ಕೆ ಏರಿಸಲು ಹೇಳಿದ. ಸೀಲ್ ತಡೆಯುವುದಿಲ್ಲ ಎಂದು ವಸಂತಲಕ್ಷ್ಮಿ ಹೇಳಿದಳು, ಬರೆದೂ ಕೊಟ್ಟಳು. ಅವನು ಏರಿಸಿಯೇ ಬಿಟ್ಟ. ಸೀಲ್ ಸೀಳಿತು. ಕಿವಿ ಹರಿಯುವಂಥ ಸದ್ದು, ಶೆಡ್ ತುಂಬ ಬಿಳಿ ಮಂಜು. ಎಲ್ಲರೂ ಹೊರಗೋಡಿದರು. ಅನುಷಾಳ ಕಾಲರ್ ಹಿಡಿದು ಎಳೆದು ತಂದವಳು ವಸಂತಲಕ್ಷ್ಮಿ.

ಹೊರಗೆ ಬಂದವಳೇ ಅವಳು ಕರ್ಟ್‌ನ ಮುಖಕ್ಕೆ ಮುಖ ಕೊಟ್ಟು ನಿಂತು ಕೂಗಿದಳು. ಇಂಗ್ಲಿಷ್ ಸಾಲದಾದಾಗ ಕನ್ನಡಕ್ಕೆ ಇಳಿದಳು. "ಉಸಿರು ಕಟ್ಟಿ ಸಾಯ್ತಿತ್ತಲ್ಲೋ ಈ ಹುಡುಗಿ, ಮುಠ್ಠಾಳ!" ಕಾಲುವೆಯಲ್ಲಿ ದೋಣಿ ತೊಳೆಯುತ್ತಿದ್ದವರು ತಿರುಗಿ ನೋಡಿದರು. ಅರ್ಥವಾಗದಿದ್ದರೂ ಕರ್ಟ್ ಎರಡು ಹೆಜ್ಜೆ ಹಿಂದೆ ಸರಿದ.

ಆಮೇಲೆ ಬಸ್ಸಿನಲ್ಲಿ ಅವಳು ಕೂದಲು ಬಾಚಿಕೊಂಡು ಹೊಸದಾಗಿ ಕುಂಕುಮ ಇಟ್ಟುಕೊಂಡಳು. "ಮನೇಲಿ ಏನೂ ಹೇಳಲ್ಲ ನಾನು. ಗೊತ್ತಾದ್ರೆ ನಾಳೆಯಿಂದ ಹೋಗ್ಬೇಡ ಅಂತಾರೆ ನಮ್ಮನೆಯವರು. ಇಲ್ಲಿ ಕೂಗಾಡಿದ್ರೆ ಕೆಲಸ ಉಳಿಯತ್ತೆ. ಅಲ್ಲಿ ಕೂಗಾಡಿದ್ರೆ ಕೆಲಸ ಹೋಗತ್ತೆ."

* * *

ಓದಿ ಮುಗಿಯಿತು. ಜನ ಸಾಲಾಗಿ ಬಂದು ಹೂವಿಟ್ಟು ಹೋಗತೊಡಗಿದರು.

"ಪುಣ್ಯವಂತೆ. ಮುತ್ತೈದೆಯಾಗಿ ಹೋದ್ಲು," ಎಂದರು ಅಲಮೇಲು.

ಅನುಷಾ ಹೂವಿಟ್ಟು ಅಲ್ಲೇ ನಿಂತಳು. "ಅಂಕಲ್, ವಸಂತಕ್ಕ ದನಿ ಎತ್ತುತಿದ್ರು. ವಾರಕ್ಕೆರಡು ಸಲ. ಶೆಡ್ ನಡುಗೋ ಹಾಗೆ."

"ಈ ಹೊತ್ತಲ್ಲಿ ಇದೇನಮ್ಮ ಮಾತು?"

"ಇನ್ಯಾವಾಗ ಹೇಳ್ಲಿ? ಅವರ ಸೀಲ್ ಹಾಕ್ಕೊಂಡು ಇವತ್ತು ಮೂರು ಟಗ್‌ಬೋಟ್ ಓಡ್ತಿವೆ. ನಿಮ್ಮ ಕಾಗದದಲ್ಲಿ ಹೋಳಿಗೆ ಇದೆ."

ಶಾಮಣ್ಣನ ಮುಖ ಕೆಂಪಾಯಿತು. "ನನ್ನ ಹೆಂಡ್ತಿ ಹೇಗಿದ್ಲು ಅಂತ ನೀನು ನನಗೆ ಹೇಳ್ತೀಯಾ?"

"ಲೆಟ್ ಹರ್ ಟಾಕ್, ಅಪ್ಪಾ," ಎಂದಳು ಸಿರಿ.

ಮಾತು ತಪ್ಪಿಸಲೆಂದು ಅಲಮೇಲು ಬಗ್ಗಿ ವಸಂತಲಕ್ಷ್ಮಿಯ ಬಳೆ ಸರಿಮಾಡಿದರು. ಬಳೆಯಡಿ ಮುಂಗೈಯಲ್ಲಿ ಹಳೆಯ ಸುಟ್ಟ ಗುರುತು. "ಅಯ್ಯೋ, ಇದ್ಯಾವಾಗ?"

"ಎಣ್ಣೆ ಸಿಡಿದಿದ್ದು," ಎಂದರು ಶಾಮಣ್ಣ. ದನಿ ಸ್ವಲ್ಪ ಮೆತ್ತಗಾಯಿತು. "ದೀಪಾವಳಿಗೆ ಚಕ್ಕುಲಿ ಕರೀತಿದ್ಲು. ಎರಡು ದಿನ ಅಡುಗೆಮನೆಗೆ ಕಾಲಿಡಬೇಡ ಅಂತ ನಾನೇ ಹೋಟೆಲಿಂದ ಊಟ ತಂದೆ."

"ಹೊಗೆಕೊಳವೆ ತಗುಲಿದ್ದು ಅಂಕಲ್. ಬ್ಯಾಂಡೇಜ್ ಕಟ್ಟಿದ್ದು ನಾನು. ನಿಮಗೆ ಚಕ್ಕುಲಿ ಅಂತ ಹೇಳ್ತೀನಿ ಅಂದಿದ್ರು."

"ಸುಳ್ಳು."

"ನೋಡಿ ಹಾಗಾದ್ರೆ."

ಫ್ಯೂನರಲ್ ಹೋಮಿನವನು ಬಂದು ಸಮಯವಾಯಿತೆಂದು ಸನ್ನೆ ಮಾಡಿದ. ಶಾಮಣ್ಣ ಅವನತ್ತ ನೋಡದೆ ಕೈಯೆತ್ತಿ ತಡೆದರು. ಕನ್ನಡಕ ಹಾಕಿಕೊಂಡು ಬಾಗಿದರು. ಬಳೆಗಳನ್ನು ಮೊಣಕೈಯತ್ತ ಸರಿಸಿದರು. ಸಿಡಿದ ಎಣ್ಣೆಯ ಚುಕ್ಕೆಗಳು ಎಲ್ಲೂ ಇರಲಿಲ್ಲ. ಎರಡು ಬೆರಳಗಲದ ಒಂದೇ ಪಟ್ಟಿ, ಸ್ಕೇಲ್ ಇಟ್ಟು ಗೀಚಿದ ಹಾಗೆ ನೇರವಾಗಿ, ಮುಂಗೈಗೆ ಅಡ್ಡಲಾಗಿ ಹಾದಿತ್ತು. ಅವರು ತೋರುಬೆರಳನ್ನು ಅದರ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಯವರೆಗೆ ಎಳೆದರು. ಮತ್ತೆ ಮೊದಲಿನ ತುದಿಗೆ ಬಂದರು.